ಸ್ನ್ಯಾಪ್‌ಚಾಟ್‌ನಲ್ಲಿ ಖಾಸಗಿತನದ ರಕ್ಷಣೆ

2011ರಲ್ಲಿ ಅಮೆರಿಕದಲ್ಲಿ ಆರಂಭವಾದ ಸ್ನ್ಯಾಪ್‌ಚಾಟ್, ಕಳುಹಿಸಿದ ಚಿತ್ರವು ನೋಡಿದ ಕೆಲವೇ ಕ್ಷಣಗಳಲ್ಲಿ ಅಳಿದುಹೋಗುತ್ತದೆ ಎಂಬ ಭರವಸೆಯಿಂದಲೇ ಹದಿಹರೆಯದವರ ನಡುವೆ ಮನೆಮಾತಾಯಿತು. ಈ ಭರವಸೆ ಬಳಕೆದಾರರ ದಾರಿತಪ್ಪಿಸುತ್ತದೆ ಎಂದು ಅಲ್ಲಿನ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿದ್ದರಿಂದ, 2014ರಲ್ಲಿ ಕಂಪನಿಯು ರಾಜಿ ಒಪ್ಪಂದಕ್ಕೆ ಬರಬೇಕಾಯಿತು. ಪರದೆಯ ಮೇಲಿರುವುದನ್ನು ಹಾಗೆಯೇ ಸೆರೆಹಿಡಿಯುವ ಸ್ಕ್ರೀನ್‌ಶಾಟ್ ತೆಗೆದರೆ ಕಳುಹಿಸಿದವರಿಗೆ ಸಾಮಾನ್ಯವಾಗಿ ಸೂಚನೆ ಹೋಗುತ್ತದೆಯಾದರೂ, ಮತ್ತೊಂದು ಮೊಬೈಲಿನಿಂದ ಅದೇ ಪರದೆಯ ಫೋಟೊ ತೆಗೆದರೆ ಯಾವ ಸುಳಿವೂ ಸಿಗದು. ಆದ್ದರಿಂದ ಅನ್ಯರ ಕೈಸೇರಬಾರದ ಚಿತ್ರವನ್ನು ಕಳುಹಿಸದಿರುವುದೇ ನಿಜವಾದ ರಕ್ಷಣೆ.

2017ರಲ್ಲಿ ಸೇರ್ಪಡೆಯಾದ ಸ್ನ್ಯಾಪ್ ಮ್ಯಾಪ್, ಅಂದರೆ ಬಳಕೆದಾರರು ಇರುವ ಸ್ಥಳವನ್ನು ಗೆಳೆಯರಿಗೆ ನಕ್ಷೆಯಲ್ಲಿ ತೋರಿಸುವ ಸೌಲಭ್ಯ, ಇನ್ನೂ ಹೆಚ್ಚಿನ ಎಚ್ಚರವನ್ನು ಬೇಡುತ್ತದೆ. ಗೆಳೆಯರ ಪಟ್ಟಿಯಲ್ಲಿ ಅಪರಿಚಿತರಿದ್ದರೆ ಮನೆ, ಶಾಲೆ, ಟ್ಯೂಷನ್ನಿಗೆ ಹೋಗುವ ದಾರಿ ಎಲ್ಲವೂ ಅವರಿಗೆ ತಿಳಿಯಬಹುದು. ಸ್ಥಳವನ್ನು ಮರೆಮಾಡುವ ‘ಘೋಸ್ಟ್ ಮೋಡ್’ ಆನ್ ಮಾಡಿ, ಪಾಸ್‌ವರ್ಡ್ ಜೊತೆಗೆ ಮತ್ತೊಂದು ಸಂಕೇತವನ್ನೂ ಕೇಳುವ ಎರಡು ಹಂತದ ದೃಢೀಕರಣವನ್ನು ಅಳವಡಿಸಿಕೊಳ್ಳುವುದು ಒಳಿತು.

ಚಿತ್ರವನ್ನಿಟ್ಟುಕೊಂಡು ಹಣಕ್ಕಾಗಿ ಬೆದರಿಸುವವರಿಗೆ ಒಮ್ಮೆ ಕೊಟ್ಟ ಮಾತ್ರಕ್ಕೆ ಬೇಡಿಕೆ ನಿಲ್ಲುವುದಿಲ್ಲ, ಮತ್ತು ಮಕ್ಕಳು ನಾಚಿಕೆಯಿಂದ ವಿಷಯ ಮುಚ್ಚಿಟ್ಟಷ್ಟೂ ಅಪಾಯ ಬೆಳೆಯುತ್ತದೆ. ಇಂಥ ಸಂದರ್ಭದಲ್ಲಿ ಭಾರತದ ಪೋಷಕರು ಮಕ್ಕಳನ್ನು ಗದರಿಸದೆ, ಸಂದೇಶಗಳನ್ನು ಸಾಕ್ಷ್ಯವಾಗಿ ಉಳಿಸಿಕೊಂಡು, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಇಲ್ಲವೇ ಹತ್ತಿರದ ಪೊಲೀಸ್ ಠಾಣೆಯಲ್ಲಿ ತಡಮಾಡದೆ ದೂರು ನೀಡಬೇಕು.