ಸೋರುವ ಕೊಡಕ್ಕೆ ನೀರು: ಎ.ಸಿ. ಗ್ಯಾಸ್ ಏಕೆ ಇಷ್ಟು ದುಬಾರಿ?

ಬೇಸಿಗೆ ಕಾಲಿಟ್ಟರೆ ಸಾಕು, ನಮ್ಮ ಕೂಟಗಳ ಊಟದ ಸಾಲಿನಲ್ಲಿ ಮಕ್ಕಳ ಕಾಲೇಜು, ಊರಿನ ಸೈಟಿನ ಬೆಲೆ ಇವುಗಳ ಜೊತೆಗೆ ಇನ್ನೊಂದು ಮಾತೂ ಕೇಳಿಬರುತ್ತದೆ: "ಎ.ಸಿ.ಗೆ ಗ್ಯಾಸ್ ತುಂಬಿಸಿದೆವು ರೀ, ಬಿಲ್ ನೋಡಿ ತಲೆ ತಿರುಗಿತು!" ಇನ್ನು ಕೆಲವರ ಮನೆಗೆ ಬಂದ ತಂತ್ರಜ್ಞರು "ಈ ಗ್ಯಾಸನ್ನು ಸರ್ಕಾರ ನಿಷೇಧಿಸಿದೆ, ಇಡೀ ಯಂತ್ರವನ್ನೇ ಬದಲಿಸಬೇಕು" ಎಂದು ಹೇಳಿ ಹೋಗಿರುತ್ತಾರೆ. ಇದರಲ್ಲಿ ನಿಜವೆಷ್ಟು, ಹೆದರಿಕೆಯೆಷ್ಟು? ಅಮೆರಿಕದಲ್ಲಿರುವ ನಮ್ಮ ಕನ್ನಡ ಕುಟುಂಬಗಳಿಗೆ ನಾಲ್ಕು ಕಾಸು ಉಳಿಯಲಿ, ಮನೆಯ ಹಿರಿಯರಿಗೆ ಸೆಖೆಯ ತೊಂದರೆ ತಪ್ಪಲಿ ಎಂಬ ಆಶಯದಿಂದ ಈ ವಿಷಯವನ್ನು ಸರಳವಾಗಿ ವಿವರಿಸಲು ಪ್ರಯತ್ನಿಸಿದ್ದೇವೆ.

ಈ ಗ್ಯಾಸ್ ಉರಿದು ಖರ್ಚಾಗುವುದಿಲ್ಲ

ಅಮೆರಿಕದಲ್ಲಿ 'ಗ್ಯಾಸ್' ಎಂದರೆ ಕಾರಿಗೆ ಹಾಕುವ ಪೆಟ್ರೋಲ್. ಅದು ಉರಿದು ಮುಗಿಯುತ್ತದೆ, ಮತ್ತೆ ತುಂಬಿಸಬೇಕು. ಎ.ಸಿ.ಯ ಗ್ಯಾಸ್ ಹಾಗಲ್ಲ. ಅದರ ಸರಿಯಾದ ಹೆಸರು ರೆಫ್ರಿಜರೆಂಟ್, ಅಂದರೆ ಶೈತ್ಯಕಾರಕ. ಕೈಗೆ ಸ್ಪಿರಿಟ್ ಹಚ್ಚಿದಾಗ ಅದು ಆವಿಯಾಗುತ್ತಾ ಚರ್ಮದ ಶಾಖವನ್ನು ಹೀರಿಕೊಂಡು ತಣ್ಣಗೆನಿಸುತ್ತದಲ್ಲವೇ? ಎ.ಸಿ.ಯಲ್ಲಿ ನಡೆಯುವುದೂ ಅದೇ. ಮನೆಯೊಳಗಿನ ಕಾಯಿಲ್‌ನಲ್ಲಿ ಶೈತ್ಯಕಾರಕ ಆವಿಯಾಗಿ ಕೋಣೆಯ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಹಿಂಡಿ ಹೊರಗಿನ ಕಾಯಿಲ್‌ಗೆ ಕಳಿಸುತ್ತದೆ. ಅಲ್ಲಿ ಅದು ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಹೀಗೆ ವರ್ಷಗಟ್ಟಲೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ.

ಆದ್ದರಿಂದ "ಗ್ಯಾಸ್ ಕಡಿಮೆಯಾಗಿದೆ" ಎಂದರೆ, ಮೊದಲೇ ಕಡಿಮೆ ತುಂಬಿಸಿದ್ದರ ಹೊರತು, ಅರ್ಥ ಒಂದೇ: ಎಲ್ಲೋ ಸೋರುತ್ತಿದೆ. ತೂತು ಹುಡುಕದೆ ಪ್ರತಿ ಬೇಸಿಗೆ ಗ್ಯಾಸ್ ತುಂಬಿಸುವುದು ಸೋರುವ ಕೊಡಕ್ಕೆ ನೀರು ಹೊತ್ತಂತೆ. ಈ ಲೇಖನದಲ್ಲಿ ಬೇರೇನು ಮರೆತರೂ ಇದೊಂದನ್ನು ಮರೆಯಬೇಡಿ.

ಬೆಲೆ ಏರಿದ ಕಥೆ

ಆರಂಭದ ಫ್ರಿಜ್‌ಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್‌ನಂತಹ ವಿಷಾನಿಲಗಳಿದ್ದವು. 1930ರ ಸುಮಾರಿಗೆ ಬಂದ 'ಫ್ರಿಯಾನ್' ಜಾತಿಯ ರಾಸಾಯನಿಕಗಳು ಉರಿಯುವುದಿಲ್ಲ, ವಿಷವೂ ಅಲ್ಲ ಎಂದು ಎಲ್ಲೆಡೆ ಹರಡಿದವು. ಆದರೆ 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು, ಇವುಗಳಲ್ಲಿನ ಕ್ಲೋರಿನ್ ಆಕಾಶದ ಓಝೋನ್ ಪದರವನ್ನು ತಿನ್ನುತ್ತದೆ ಎಂದು ತೋರಿಸಿಕೊಟ್ಟರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಝೋನ್ ರಂಧ್ರ ಬೆಳಕಿಗೆ ಬಂತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು.

ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾಲಿದೆ. ಮದುರೆಯಲ್ಲಿ ಹುಟ್ಟಿ, ಹನ್ನೊಂದನೆಯ ವಯಸ್ಸಿಗೆ ಬೆಂಗಳೂರಿಗೆ ಬಂದ ವೀರಭದ್ರನ್ ರಾಮನಾಥನ್ ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನಲ್ಲಿ ರೆಫ್ರಿಜರೇಟರ್ ಉದ್ಯಮದಲ್ಲಿ ಕೆಲಸ ಮಾಡಿದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ 'ಟಾಟಾ ಇನ್‌ಸ್ಟಿಟ್ಯೂಟ್'ನಲ್ಲಿ ಓದಿ ಅಮೆರಿಕಕ್ಕೆ ಬಂದರು. ಈ ಅನಿಲಗಳು ಓಝೋನ್‌ಗೆ ಕುತ್ತು ತರುವುದಷ್ಟೇ ಅಲ್ಲ, ಭೂಮಿಗೆ ಕಂಬಳಿ ಹೊದಿಸಿದಂತೆ ಶಾಖವನ್ನೂ ಹಿಡಿದಿಡುತ್ತವೆ ಎಂದು 1975ರಲ್ಲಿ ಮೊದಲು ತೋರಿಸಿದವರು ಅವರೇ. ಇಂದಿನ ಬೆಲೆ ಏರಿಕೆಯ ಹಿಂದೆ ಈ ಎರಡು ಕಾರಣಗಳೂ ಇವೆ.

ಮೊದಲನೆಯದು ಆರ್-22ರ ಕಥೆ. ದಶಕಗಳ ಕಾಲ ಅಮೆರಿಕದ ಮನೆಗಳಲ್ಲಿ ಇದ್ದದ್ದು ಇದೇ. ಓಝೋನ್‌ಗೆ ಇದರಿಂದ ಆಗುವ ಹಾನಿ ಹಳೆಯ ಫ್ರಿಯಾನ್‌ಗಳಿಗಿಂತ ಬಹಳ ಕಡಿಮೆಯಾದರೂ ಸೊನ್ನೆಯಲ್ಲ. ಆದ್ದರಿಂದ ಒಮ್ಮೆಲೇ ನಿಲ್ಲಿಸದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. 2010ರಿಂದ ಹೊಸ ಯಂತ್ರಗಳಿಗೆ ಹೊಸ ಆರ್-22 ಬಳಕೆ ನಿಂತಿತು. 2020ರ ಜನವರಿ 1ರಿಂದ ಅದರ ತಯಾರಿಕೆ, ಆಮದು ಎರಡೂ ನಿಂತವು. ಈಗ ಸಿಗುವುದು ಹಳೆಯ ದಾಸ್ತಾನು ಮತ್ತು ಹಳೆಯ ಯಂತ್ರಗಳಿಂದ ತೆಗೆದು ಶುದ್ಧೀಕರಿಸಿದ ಗ್ಯಾಸ್ ಮಾತ್ರ. ಕೆರೆಗೆ ಒಳಹರಿವು ನಿಂತ ಮೇಲೆ ಇರುವ ನೀರಿಗೇ ಬೆಲೆ ಬರುವುದು ಸಹಜ ತಾನೇ?

ಎರಡನೆಯದು ಆರ್-410ಎ ಕಥೆ. ಆರ್-22ರ ಜಾಗಕ್ಕೆ ಬಂದ ಇದರಲ್ಲಿ ಕ್ಲೋರಿನ್ ಇಲ್ಲ, ಓಝೋನ್‌ಗೆ ಹಾನಿಯಿಲ್ಲ. ಆದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ, ಒಂದು ಪೌಂಡ್ ಆರ್-410ಎ ಗಾಳಿಗೆ ಸೇರಿದರೆ ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 2,088 ಪೌಂಡ್ ಕಾರ್ಬನ್ ಡೈಆಕ್ಸೈಡ್‌ನಷ್ಟು ತಾಪ! ಆರ್-22ಕ್ಕೆ ಈ ಅಂಕಿ ಸುಮಾರು 1,810. ಹೀಗಾಗಿ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಜಗತ್ತಿನ ದೇಶಗಳು ಇಂತಹ ಅನಿಲಗಳನ್ನೂ ಇಳಿಸಲು ಒಪ್ಪಿದವು. ಅಮೆರಿಕದ ಸಂಸತ್ತು 2020ರ ಡಿಸೆಂಬರ್‌ನಲ್ಲಿ ಇದಕ್ಕೆ ಕಾನೂನು ಮಾಡಿತು. ಅದರಂತೆ ಒಟ್ಟು ಪ್ರಮಾಣ ಮೂಲಮಟ್ಟದ ಶೇಕಡಾ 60ಕ್ಕೆ 2024ರಲ್ಲಿ ಇಳಿಯಿತು. 2029ರಲ್ಲಿ ಶೇಕಡಾ 30, 2036ರಲ್ಲಿ ಶೇಕಡಾ 15. 2025ರ ಜನವರಿ 1ರಿಂದ ಮನೆ ಎ.ಸಿ.ಗಳ ಹೊಸ ತಯಾರಿಕೆಗೆ ಈ ತಾಪದ ಅಂಕಿ 700ನ್ನು ಮೀರಬಾರದೆಂಬ ನಿಯಮ ಬಂದಿದ್ದರಿಂದ ಆರ್-454ಬಿ, ಆರ್-32 ಎಂಬ ಹೊಸ ಗ್ಯಾಸ್‌ಗಳ ಯಂತ್ರಗಳು ಬಂದಿವೆ. ಹೊಸದೆಂದ ಮಾತ್ರಕ್ಕೆ ಅಗ್ಗವೇನಲ್ಲ. 2025ರ ಬೇಸಿಗೆಯಲ್ಲಿ ಆರ್-454ಬಿ ಸಿಲಿಂಡರ್‌ಗಳೇ ಹಲವೆಡೆ ಸಿಗದೆ ಅದರ ಬೆಲೆಯೂ ಏರಿತ್ತು.

ಇಷ್ಟೆಲ್ಲ ಖರ್ಚು ಮಾಡಿ ಫಲವೇನು ಎಂದು ಕೇಳಬಹುದು. ಫಲ ಕಾಣುತ್ತಿದೆ. ಈಗಿನ ನೀತಿಗಳು ಮುಂದುವರಿದರೆ ಜಗತ್ತಿನ ಬಹುಭಾಗದಲ್ಲಿ ಓಝೋನ್ ಪದರ 2040ರ ಸುಮಾರಿಗೆ, ಅಂಟಾರ್ಕ್ಟಿಕಾದ ಮೇಲೆ 2066ರ ಸುಮಾರಿಗೆ 1980ರ ಸ್ಥಿತಿಗೆ ಮರಳುತ್ತದೆಂದು ವಿಶ್ವಸಂಸ್ಥೆಯ ಬೆಂಬಲದ ವಿಜ್ಞಾನಿಗಳ ತಂಡ 2023ರಲ್ಲಿ ತಿಳಿಸಿದೆ. ಈ ಬೆಲೆ ಏರಿಕೆ ನಮ್ಮ ಮೊಮ್ಮಕ್ಕಳ ಪಾಲಿಗೆ ವ್ಯರ್ಥವಲ್ಲ. ಆದರೆ ಅದರ ಭಾರ ಇಂದು ಬೀಳುವುದು ಹಳೆಯ ಮನೆ, ಹಳೆಯ ಯಂತ್ರ, ಸಣ್ಣ ಆದಾಯ ಇರುವವರ ಮೇಲೆ. ಆದ್ದರಿಂದಲೇ ತಿಳಿವಳಿಕೆ ಮುಖ್ಯ.

ಕಾನೂನು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಕೆಲಸ ಮಾಡುತ್ತಿರುವ ನಿಮ್ಮ ಹಳೆಯ ಎ.ಸಿ.ಯನ್ನು ಕಿತ್ತೆಸೆಯಬೇಕೆಂದು ಯಾವ ಕೇಂದ್ರ ಕಾನೂನೂ ಹೇಳುವುದಿಲ್ಲ. ಆರ್-22 ಇರಲಿ, ಆರ್-410ಎ ಇರಲಿ, ಇಟ್ಟುಕೊಳ್ಳಬಹುದು, ರಿಪೇರಿ ಮಾಡಿಸಬಹುದು, ಗ್ಯಾಸನ್ನೂ ತುಂಬಿಸಬಹುದು. ನಿಷೇಧವಿರುವುದು ಗ್ಯಾಸನ್ನು ಬೇಕೆಂದೇ ಗಾಳಿಗೆ ಬಿಡುವುದಕ್ಕೆ. ಹಳೆಯ ಯಂತ್ರ ತೆಗೆಯುವಾಗ ಅದರಲ್ಲಿನ ಗ್ಯಾಸನ್ನು ಹಿಡಿದಿಟ್ಟುಕೊಳ್ಳಲೇಬೇಕು. ಈ ಕೆಲಸಕ್ಕೆ ಇಪಿಎ ಪ್ರಮಾಣಪತ್ರವಿರುವ ತಂತ್ರಜ್ಞರೇ ಬೇಕು.

ಬಿಲ್‌ಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ನಮ್ಮಲ್ಲಿರುವುದು ಯಾವ ಗ್ಯಾಸ್? ಹೊರಗಿನ ಘಟಕದ ಮೇಲಿನ ಲೋಹದ ಪಟ್ಟಿಯಲ್ಲಿ ಗ್ಯಾಸಿನ ಹೆಸರು, ತೂಕ, ತಯಾರಿಕೆಯ ವಿವರ ಇರುತ್ತದೆ. ಬೇಸಿಗೆಗೆ ಮುನ್ನವೇ ಫೋಟೋ ತೆಗೆದಿಟ್ಟುಕೊಳ್ಳಿ. 2000ದ ಆಸುಪಾಸಿನಲ್ಲಿ ಕೊಂಡ ಮನೆಯಲ್ಲಿ ಮೂಲ ಯಂತ್ರವೇ ಇದ್ದರೆ ಅದು ಬಹುತೇಕ ಆರ್-22.

2. ನಿಜವಾಗಿ ಗ್ಯಾಸ್ ಕಡಿಮೆಯಾಗಿದೆಯೇ? ಕೊಳಕು ಫಿಲ್ಟರ್, ಧೂಳು ಮೆತ್ತಿದ ಕಾಯಿಲ್, ಕೆಟ್ಟ ಕೆಪಾಸಿಟರ್‌ನಿಂದಲೂ ತಂಪು ಕಡಿಮೆಯಾಗುತ್ತದೆ. ಇವೆಲ್ಲ ಅಗ್ಗದ ರಿಪೇರಿಗಳು.

3. ಸೋರಿಕೆ ಎಲ್ಲಿದೆ? ಒಂದು ಜೋಡಣೆಯ ಬಳಿಯಿದ್ದರೆ ಸರಿಪಡಿಸುವುದು ಸುಲಭ. ಒಳಗಿನ ಕಾಯಿಲ್ಲೇ ಸವೆದಿದ್ದರೆ ಖರ್ಚು ದೊಡ್ಡದು.

4. ಪೌಂಡಿಗೆ ಎಷ್ಟು, ಎಷ್ಟು ಪೌಂಡ್? ಸಾಮಾನ್ಯವಾಗಿ ಒಂದು ಟನ್ ಸಾಮರ್ಥ್ಯಕ್ಕೆ ಎರಡರಿಂದ ನಾಲ್ಕು ಪೌಂಡ್ ಬೇಕು. ಅಂದರೆ ಮೂರು ಟನ್ ಯಂತ್ರಕ್ಕೆ ಆರರಿಂದ ಹನ್ನೆರಡು. ಲೆಕ್ಕದ ಸುಲಭಕ್ಕೆ ಪೌಂಡಿಗೆ 100 ಡಾಲರ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಎರಡು ಪೌಂಡ್ ಸೋರಿದರೆ ಐದು ವರ್ಷದಲ್ಲಿ 1,000 ಡಾಲರ್ ಗಾಳಿಗೆ ಹೋಯಿತು, ಕೂಲಿ ಬೇರೆ.

5. ವಾರಂಟಿ ಇದೆಯೇ? ಹಲವು ಯಂತ್ರಗಳ ಬಿಡಿಭಾಗಗಳಿಗೆ ಹತ್ತು ವರ್ಷದ ವಾರಂಟಿ ಇರುತ್ತದೆ.

ಮಾಡಬಾರದ ಎರಡು ಕೆಲಸಗಳಿವೆ. ಆರ್-22 ಯಂತ್ರಕ್ಕೆ 'ಆರ್-22ಎ' ಎಂಬಂತಹ ಹೆಸರಿನಲ್ಲಿ ಮಾರುವ ಪ್ರೊಪೇನ್ ಆಧಾರಿತ ಗ್ಯಾಸ್ ತುಂಬಬೇಡಿ. ಅದು ಬೆಂಕಿ ಹಿಡಿಯುತ್ತದೆ, ಇಪಿಎ ಇದರ ಬಗ್ಗೆ ಎಚ್ಚರಿಸಿದೆ. ಒಂದು ಗ್ಯಾಸಿನ ಮೇಲೆ ಇನ್ನೊಂದನ್ನು ಬೆರೆಸಲೂ ಬೇಡಿ. ಆರ್-22ಕ್ಕೆ ಬದಲಿ ಗ್ಯಾಸ್‌ಗಳಿವೆ ನಿಜ, ಆದರೆ ಹಳೆಯದನ್ನು ಪೂರ್ತಿ ತೆಗೆದ ಮೇಲೆಯೇ ಹಾಕಬೇಕು. ಆರ್-410ಎ ಯಂತ್ರಕ್ಕೆ ಆರ್-454ಬಿ ಹಾಕುವಂತೆಯೇ ಇಲ್ಲ.

ರಿಪೇರಿಯೋ, ಹೊಸದೋ?

ಹತ್ತು ವರ್ಷದೊಳಗಿನ ಆರ್-410ಎ ಯಂತ್ರವಾದರೆ ಸೋರಿಕೆ ಮುಚ್ಚಿಸಿ ಮುಂದುವರಿಯುವುದು ಬಹುಪಾಲು ಲಾಭ. ಆರ್-22 ಯಂತ್ರದ ಕಾಯಿಲ್ ಅಥವಾ ಕಂಪ್ರೆಸರ್ ಕೆಟ್ಟಿದ್ದರೆ ಅದರ ಮೇಲೆ ಇನ್ನಷ್ಟು ಹಣ ಸುರಿಯುವುದು ಜಾಣತನವಲ್ಲ. ಸೋರದೆ ನಡೆಯುತ್ತಿದ್ದರೆ ನಡೆಯಲಿ ಬಿಡಿ, ಆದರೆ ಬದಲಾವಣೆಗೆ ಹಣ ಕೂಡಿಡಿ. ಜುಲೈ ತಿಂಗಳ ಉರಿಬಿಸಿಲಿನಲ್ಲಿ ಕೆಟ್ಟಮೇಲೆ ಚೌಕಾಸಿಗೆ ಜಾಗವಿರುವುದಿಲ್ಲ. ವಸಂತದಲ್ಲೋ ಶರತ್ಕಾಲದಲ್ಲೋ ಎರಡು ಮೂರು ಕಡೆ ದರ ಕೇಳಿ. ಕೇಂದ್ರ ಸರ್ಕಾರದ ತೆರಿಗೆ ರಿಯಾಯಿತಿಯ ಆಸೆ ತೋರಿಸಿದರೆ ನೆನಪಿಡಿ, ಮನೆ ಎ.ಸಿ.ಗಿದ್ದ ಆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಸ್ಥಳೀಯ ವಿದ್ಯುತ್ ಕಂಪನಿಗಳ ರಿಯಾಯಿತಿ ಇರಬಹುದು, ವಿಚಾರಿಸಿ. ಕಡಿಮೆ ಆದಾಯದ ಕುಟುಂಬಗಳಿಗೆ 'ಲೈಹೀಪ್' ಎಂಬ ಕೇಂದ್ರ ಯೋಜನೆಯಡಿ ಕೆಲವು ರಾಜ್ಯಗಳು ಎ.ಸಿ. ರಿಪೇರಿಗೂ ನೆರವು ನೀಡುತ್ತವೆ.

ಊರಿನಲ್ಲಿ ಅಪ್ಪ ಅಮ್ಮನ ಮನೆಗೆ ಎ.ಸಿ. ಹಾಕಿಸಿದವರಿಗೂ ಒಂದು ಮಾತು. ಭಾರತವೂ ಕಿಗಾಲಿ ಒಪ್ಪಂದವನ್ನು 2021ರಲ್ಲಿ ಅನುಮೋದಿಸಿದೆ. ಅಲ್ಲಿನ ಇಳಿಕೆ 2032ರಲ್ಲಿ ಆರಂಭವಾಗಿ 2047ರವರೆಗೆ ನಡೆಯಲಿದೆ. ಕಲಬುರಗಿ, ರಾಯಚೂರಿನ ಬಿಸಿಲಿಗೂ ಈ ಲೆಕ್ಕ ತಲುಪಲಿದೆ.

ಕೊನೆಯದಾಗಿ, ಬೆಂಗಳೂರು, ಮೈಸೂರಿನಿಂದ ಬಂದಿರುವ ನಮ್ಮ ಹಿರಿಯರು "ಎ.ಸಿ. ಯಾಕಪ್ಪಾ, ಫ್ಯಾನ್ ಸಾಕು" ಎನ್ನುತ್ತಾರೆ. ದುಬಾರಿ ಬಿಲ್ ಕಂಡರಂತೂ ಬಾಯಿಬಿಟ್ಟು ಹೇಳದೆ ಸೆಖೆಯಲ್ಲೇ ಕೂರುತ್ತಾರೆ. ಟೆಕ್ಸಸ್, ಅರಿಜೋನಾದಲ್ಲಿ ನೂರು ಡಿಗ್ರಿ ದಾಟಿದಾಗ ಫ್ಯಾನ್ ಬೀಸುವುದು ಬಿಸಿಗಾಳಿಯನ್ನೇ. ಅಂಥ ಸೆಖೆ ವಯಸ್ಸಾದವರ ಜೀವಕ್ಕೇ ಅಪಾಯ. ಎ.ಸಿ. ಕೆಟ್ಟ ದಿನ ಯಾರದ್ದಾದರೂ ಕನ್ನಡದ ಮನೆಯ ಬಾಗಿಲು ಅವರಿಗೆ ತೆರೆದಿರಲಿ. ಈ ಶನಿವಾರವೇ ನಿಮ್ಮ ಮನೆಯ ಯಂತ್ರದ ಪಟ್ಟಿ ಓದಿ, ಹಾಗೆಯೇ ಪಕ್ಕದಲ್ಲಿ ಒಂಟಿಯಾಗಿರುವ ಹಿರಿಯರ ಮನೆಯದನ್ನೂ ಒಮ್ಮೆ ನೋಡಿ ಬನ್ನಿ. ಬೇಸಿಗೆ ಎಲ್ಲರಿಗೂ ತಂಪಾಗಿರಲಿ.