ಎಲೆಯಿಲ್ಲದ ಸೀತಾಳೆ

ಘಟ್ಟದ ಕಾಫಿ ತೋಟಗಳಲ್ಲಿ ಮರಗಸಿಯ ಕಾಲಕ್ಕೆ ಕೆಡಹಿದ ಕೊಂಬೆಗಳ ಮೇಲೆ, ಹಸುರು ದಾರಗಳಂತೆ ಅಂಟಿಕೊಂಡ ಬೇರುಗಳು ಕೆಲವೆಡೆ ಕಾಣಬರುವುವು. ಬಂದಳಿಕೆಯೆಂದು ಭಾವಿಸಿ ಇದನ್ನು ಕೆರೆದುಹಾಕುವುದುಂಟು, ಅದು ತಪ್ಪು. ಟೀನಿಯೋಫಿಲಂ ಎಂಬ ಈ ಸೀತಾಳೆಯು ಮರದ ರಸವನ್ನು ಹೀರದು. ಎಲೆಯ ಕೆಲಸವನ್ನು ಹಸುರು ಬೇರುಗಳೇ ಮಾಡುವುದರಿಂದ, ಅವನ್ನು ತೊಗಟೆಯಿಂದ ಕಿತ್ತರೆ ಗಿಡವು ಆಹಾರವಿಲ್ಲದೆ ಸಾಯುವುದು. ಹೂವು ಬಹು ಸಣ್ಣದು. ಅಲಂಕಾರಕ್ಕೆ ಆಶಿಸುವವರಿಗೆ ಇದು ತಕ್ಕುದಲ್ಲ.

ಉಳಿಸಲಿಚ್ಛಿಸುವ ಜಮೀನುದಾರರು ಕೊಂಬೆಯ ಆ ತುಂಡನ್ನೇ ಕೊಯ್ದು, ಮೊದಲಿನಷ್ಟೇ ನೆರಳೂ ಗಾಳಿಯೂ ಇರುವ ಬೇರೊಂದು ಮರಕ್ಕೆ ತೆಂಗಿನ ಹುರಿಯಿಂದ ಬಿಗಿಯತಕ್ಕದ್ದು. ಹುರಿಯು ಬೇರಿನ ಮೇಲೆ ಹಾಯಬಾರದು. ಮಣ್ಣೂ ಗೊಬ್ಬರವೂ ಬೇಡ. ಬೇಸಗೆಯಲ್ಲಿ ಬೆಳಿಗ್ಗೆ ಮಳೆನೀರನ್ನು ಚಿಮುಕಿಸಬೇಕು. ಸಂಜೆಯೊಳಗೆ ಬೇರು ಆರದಿದ್ದರೆ ಕೊಳೆಯುವುದು. ಹುರಿಯು ಸಡಿಲವಾದಲ್ಲಿ ಮಳೆಗಾಲಕ್ಕೆ ಮುಂಚೆ ಮತ್ತೆ ಬಿಗಿಯತಕ್ಕದ್ದು.