ಮೈಕಟ್ಟಿಗೆ ತಕ್ಕ ಎಂಜಿನ್: ಕಾಂಟೆಸಾ ಕಟ್ಟುವವರ ಕಸುಬು

ನಮ್ಮ ದೇಶದ ಮಸಲ್ ಕಾರು ಯಾವುದು ಎಂದು ಹಳೇ ಗಾಡಿಗಳ ಹುಚ್ಚು ಹಿಡಿದವರನ್ನು ಕೇಳಿದರೆ ಹೆಚ್ಚಾಗಿ ಬರುವ ಉತ್ತರ ಕಾಂಟೆಸಾ. ಉದ್ದನೆಯ ಬಾನೆಟ್ಟು, ಅಗಲ ಮುಖದಲ್ಲಿ ಜೋಡಿ ಜೋಡಿ ದೀಪ, ನೆಲಕ್ಕೆ ಹತ್ತಿಕೊಂಡ ನಿಲುವು, ಹಿಂದಿನ ಚಕ್ರಗಳನ್ನು ತಿರುಗಿಸುವ ಎಂಜಿನ್. ನೋಟಕ್ಕೆ ಎಲ್ಲವೂ ಇತ್ತು. ಬಲ ಮಾತ್ರ ಇರಲಿಲ್ಲ. ಆ ಕೊರತೆಯನ್ನು ತುಂಬಿಕೊಡುವುದೇ ಇಂದು ಹಲವು ಗ್ಯಾರೇಜುಗಳಲ್ಲಿ ಒಂದು ಕಸುಬಾಗಿ ಬೆಳೆದಿದೆ.

ಮಸಲ್ ಕಾರು ಹುಟ್ಟಿದ್ದು ಅಮೆರಿಕದಲ್ಲಿ. 1964ರಲ್ಲಿ ಪಾಂಟಿಯಾಕ್ ಕಂಪನಿ ತನ್ನ ಮಧ್ಯಮ ಗಾತ್ರದ ಗಾಡಿಯೊಳಗೆ 6.4 ಲೀಟರಿನ ವಿ8 ಎಂಜಿನ್ ಕೂರಿಸಿ, ಜಿಟಿಓ ಎಂದು ಹೆಸರಿಟ್ಟು ಮಾರಿತು. 325 ಅಶ್ವಶಕ್ತಿ. ಮೈ ಸಾಧಾರಣದ್ದು, ಎಂಜಿನ್ ಅತಿ ದೊಡ್ಡದು. ಕಾಂಟೆಸಾದ ಕಥೆ ಇದಕ್ಕೆ ತದ್ವಿರುದ್ಧ. ಅದರ ಮೈ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಎಫ್‌ಇ ಎಂಬ 1972ರ ಗಾಡಿಯ ವಂಶದ್ದು. ಅಲ್ಲಿ ಅದೇ ಮೈಯೊಳಗೆ 2.3 ಲೀಟರಿನ ಎಂಜಿನ್ ಇತ್ತು. ವೆಂಟೋರಾ ಎಂಬ ಮೇಲ್ದರ್ಜೆಯ ಮಾದರಿಯಲ್ಲಿ ಆರು ಸಿಲಿಂಡರಿನ 3.3 ಲೀಟರಿನದೂ ಇತ್ತು. ಹಿಂದೂಸ್ತಾನ್ ಮೋಟರ್ಸ್ ಆ ಗಾಡಿಯ ಅಚ್ಚುಗಳನ್ನು ಬಂಗಾಳದ ಉತ್ತರಪಾರಾಕ್ಕೆ ತಂದು 1984ರಲ್ಲಿ ಕಾಂಟೆಸಾ ಹೊರತಂದಾಗ ಒಳಗಿಟ್ಟದ್ದು ಅಂಬಾಸಿಡರಿನ 1489 ಸಿಸಿ ಎಂಜಿನ್. ಬಲ ಸುಮಾರು 50 ಅಶ್ವಶಕ್ತಿ, ಗೇರು ನಾಲ್ಕು. ಟನ್ನು ದಾಟುವ ಗಾಡಿ ಘಾಟಿಯಲ್ಲಿ ಏದುಸಿರು ಬಿಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾಗಿ ಕಾಂಟೆಸಾವನ್ನು ಮೊದಲು ಮಾಡಿಫೈ ಮಾಡಿದ್ದು ಅದರ ಕಾರ್ಖಾನೆಯೇ. ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಜಪಾನಿನ ಇಸುಜು ಕಂಪನಿಯ 1817 ಸಿಸಿ ಪೆಟ್ರೋಲ್ ಎಂಜಿನ್ ಐದು ಗೇರಿನ ಪೆಟ್ಟಿಗೆಯೊಂದಿಗೆ ಬಂತು. ಬಲ 80 ಅಶ್ವಶಕ್ತಿ ದಾಟಿತು, ಗಾಡಿಯ ನಡೆಯೇ ಬದಲಾಯಿತು. ಮುಂದೆ ಇಸುಜುವಿನ ಎರಡು ಲೀಟರಿನ ಡೀಸೆಲ್ಲೂ ಬಂತು, ಆಮೇಲೆ ಟರ್ಬೊ. ತೊಂಬತ್ತರ ದಶಕದಲ್ಲಿ ಅದೇ 1.8 ಎಂಜಿನ್ ಅಂಬಾಸಿಡರಿಗೂ ಸಿಕ್ಕಿತು. ಈ ಒಂದು ಸಂಗತಿಯಿಂದಲೇ ಇವತ್ತಿನ ಮೆಕ್ಯಾನಿಕ್ಕುಗಳು ಬದುಕಿಕೊಂಡರು ಎನ್ನಬೇಕು. 2002ರಲ್ಲಿ ಕಾಂಟೆಸಾ ನಿಂತರೂ ಅಂಬಾಸಿಡರ್ 2014ರವರೆಗೆ ತಯಾರಾಗುತ್ತಿತ್ತು. ಎಂಜಿನ್ನಿನ ಬಿಡಿಭಾಗಗಳ ಹರಿವು ಬೇಗ ಬತ್ತಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಅಂಗಡಿಗಳು, ಶಿವಾಜಿನಗರದ ಗುಜರಿ, ಇಲ್ಲೆಲ್ಲ ತಾಳ್ಮೆಯಿಂದ ಹುಡುಕುವವರಿಗೆ ಪಿಸ್ಟನ್, ಗ್ಯಾಸ್ಕೆಟ್ ಸಿಗುವ ಸಂಭವವಿದೆ. ಸಿಗದೆ ಸತಾಯಿಸುವುದು ಬಾಗಿಲಿನ ರಬ್ಬರು, ಗಾಜು, ಕ್ರೋಮಿನ ಪಟ್ಟಿ.

ಬಲ ಹೆಚ್ಚಿಸುವ ಕೆಲಸ ಎಲ್ಲಿಂದ ಶುರುವಾಗಬೇಕು? ಈ ಪ್ರಶ್ನೆಗೆ ಕೊಡುವ ಉತ್ತರದಲ್ಲೇ ಮೆಕ್ಯಾನಿಕ್ಕಿನ ಯೋಗ್ಯತೆ ತಿಳಿದುಬಿಡುತ್ತದೆ. ಗಾಡಿ ಬಂದ ದಿನವೇ ಎಂಜಿನ್ ಇಳಿಸುವವನನ್ನು ನಂಬಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಳ್ಳೆಯ ಉಸ್ತಾದ್ ಮೊದಲು ಗಾಡಿಯ ಅಡಿಗೆ ನುಗ್ಗುತ್ತಾನೆ. ಚಕ್ರದ ಕಮಾನು, ಬಾಗಿಲ ಕೆಳಗಿನ ಅಂಚು, ಕಾಲಿಡುವ ತಗಡು, ಇಲ್ಲೆಲ್ಲ ಬಣ್ಣದ ಕೆಳಗೆ ತುಕ್ಕು ಅಡಗಿರುತ್ತದೆ. ಕಾಂಟೆಸಾಗೆ ಬೇರೆ ಚಾಸಿ ಇಲ್ಲ, ತಗಡಿನ ಮೈಯೇ ಎಲುಬು. ಅದು ಸಡಿಲವಾಗಿದ್ದರೆ ಎಷ್ಟು ಬಲ ಕೊಟ್ಟರೂ ಗಾಡಿ ನೆಟ್ಟಗೆ ಓಡದು. ಟಿಂಕರಿಂಗ್ ಮುಗಿದ ಮೇಲೆ ಬುಷ್ಷುಗಳು, ಸ್ಪ್ರಿಂಗು, ಶಾಕ್ ಅಬ್ಸಾರ್ಬರ್. ಆಮೇಲೆ ಬ್ರೇಕು. ಇಲ್ಲೊಂದು ಲೆಕ್ಕವನ್ನು ಗಾಡಿಯ ಮಾಲೀಕರೆಲ್ಲ ಬಾಯಿಪಾಠ ಮಾಡಬೇಕು: 80 ಕಿಲೋಮೀಟರ್ ವೇಗದ ಗಾಡಿ 120ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಇದೆಲ್ಲ ಆದ ಮೇಲಷ್ಟೇ ಎಂಜಿನ್ನಿನ ಸರದಿ.

ಎಂಜಿನ್ನಿನಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವ ಕೆಲಸ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನದು. ಹೆಡ್ಡನ್ನು ಬೆಂಚಿನ ಮೇಲೆ ಮಗುಚಿ, ವಾಲ್ವು ಕೂರಿಸಿ, ಪ್ಲಗ್ಗು ಬಿಗಿಯುತ್ತಾರೆ. ಪೆಟ್ರೋಲು ಉರಿಯುವ ಕುಳಿಯ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ, ಸಣ್ಣ ತೂತು ಕೊರೆದ ದಪ್ಪ ಅಕ್ರಿಲಿಕ್ ಹಲಗೆಯನ್ನು ಅದರ ಮೇಲೆ ಒತ್ತಿ ಕೂರಿಸುತ್ತಾರೆ. ಕಾಲೇಜಿನ ಪ್ರಯೋಗಾಲಯದಲ್ಲಿ ನಾವೆಲ್ಲ ನೋಡಿದ ಬ್ಯೂರೆಟ್ಟಿನಿಂದ ಬಣ್ಣ ಬೆರೆಸಿದ ದ್ರವವನ್ನು ಆ ತೂತಿನೊಳಕ್ಕೆ ಬಿಡುತ್ತಾರೆ. ಗಾಳಿಯ ಗುಳ್ಳೆ ಒಂದೂ ಉಳಿಯಬಾರದು. ಉಳಿದರೆ ಹೆಡ್ಡನ್ನು ಒಂದಿಷ್ಟು ವಾಲಿಸಿ ಗುಳ್ಳೆಯನ್ನು ತೂತಿನ ಕಡೆ ಓಡಿಸಬೇಕು. ಕುಳಿ ತುಂಬಿದ ಕ್ಷಣಕ್ಕೆ ಎಷ್ಟು ಸಿಸಿ ಇಳಿಯಿತೆಂದು ಬರೆದುಕೊಳ್ಳುತ್ತಾರೆ. ಹೀಗೆ ನಾಲ್ಕೂ ಕುಳಿಗಳ ಅಳತೆ. ಒಂದು ಕುಳಿ ಚಿಕ್ಕದಿದ್ದರೆ ಅಲ್ಲಿ ಒತ್ತಡ ಜಾಸ್ತಿ, ನಾಕಿಂಗ್, ಅಂದರೆ ಪೆಟ್ರೋಲು ಹದ ತಪ್ಪಿ ಸಿಡಿದು ಎಂಜಿನ್ ಕುಟ್ಟುವುದು, ಶುರುವಾಗುವುದೂ ಅಲ್ಲಿಂದಲೇ. ಆ ಕುಳಿಯನ್ನು ಚೂರೇ ಚೂರು ಉಜ್ಜಿ, ಮತ್ತೆ ದ್ರವ ಬಿಟ್ಟು, ನಾಲ್ಕನ್ನೂ ಸಮಕ್ಕೆ ತಂದ ಮೇಲೆ ಹೆಡ್ಡು ಮೇಲ್ಮೈ ಮಟ್ಟಸ ಮಾಡುವ ಫೇಸಿಂಗಿಗೆ ಹೋಗುತ್ತದೆ. ಅಲ್ಲಿ ಕೆಲವೇ ಕೂದಲೆಳೆಯಷ್ಟು ಲೋಹ ತೆಗೆದರೆ ಒತ್ತಡ ಏರಿ ಬಲ ಕೂಡುತ್ತದೆ. ಆಸೆಗೆ ಬಿದ್ದು ಹೆಚ್ಚು ತೆಗೆದರೆ ವಾಪಸು ಹಾಕುವಂತಿಲ್ಲ.

ಮಿಕ್ಕಿದ್ದು ಉಸಿರಾಟದ ಕೆಲಸ. ಗಾಳಿ ಒಳಬರುವ, ಹೊಗೆ ಹೊರಹೋಗುವ ದಾರಿಗಳ ಒರಟನ್ನು ತೇದು ನುಣುಪು ಮಾಡುವುದು, ನಾಲ್ಕು ಕೊಳವೆಗಳನ್ನು ಒಂದಕ್ಕೆ ಕೂಡಿಸುವ ಹೆಡರ್ ಬೆಸೆಯುವುದು, ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದು. ಕಾರ್ಬ್ಯುರೇಟರ್ ದೊಡ್ಡದು ಹಾಕಿದಷ್ಟೂ ಒಳ್ಳೆಯದೆಂಬ ಭ್ರಮೆ ಮಾತ್ರ ಬೇಡ. ಅಳತೆ ಮೀರಿದರೆ ಊರೊಳಗಿನ ಓಟದಲ್ಲಿ ಗಾಡಿ ತಡವರಿಸುತ್ತದೆ. ಒಂದಷ್ಟು ದೂರ ಓಡಿಸಿ ಪ್ಲಗ್ಗು ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ: ತುದಿ ಕಂದು ಬಣ್ಣಕ್ಕಿದ್ದರೆ ಸರಿ, ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಕಡಿಮೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆಯಾದ್ದರಿಂದ ಕಾರ್ಬ್ಯುರೇಟರಿನೊಳಗೆ ಪೆಟ್ರೋಲು ಬಿಡುವ ಜೆಟ್ಟು ಸ್ವಲ್ಪ ದೊಡ್ಡದಾಗಬೇಕು. ಹಳೆಯ ರಬ್ಬರ್ ಪೈಪುಗಳನ್ನೂ ತಪ್ಪದೆ ಬದಲಿಸಬೇಕು. ಸೋರುವ ಪೈಪು, ಕಾದ ಹೆಡರು, ಎರಡೂ ಒಂದೇ ಬಾನೆಟ್ಟಿನ ಕೆಳಗಿರುವುದು ಅಪಾಯ.

ಇಷ್ಟೆಲ್ಲ ಆದ ಗಾಡಿಯ ನಿಜವಾದ ಪರೀಕ್ಷೆ ಬೆಂಗಳೂರಿನಲ್ಲಿ ಆಗುವುದಿಲ್ಲ, ಇಲ್ಲಿನ ಹವೆ ಅಷ್ಟು ಮೃದು. ಪರೀಕ್ಷೆ ನಾಗಪುರದಲ್ಲಿ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬಾಗೇಪಲ್ಲಿ ದಾಟಿ, ಕರ್ನೂಲು, ಹೈದರಾಬಾದ್, ಆದಿಲಾಬಾದ್ ಹಾದು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಿದರೆ ಸಿಗುವ ಆ ಊರಿನಲ್ಲಿ ಮೇ ತಿಂಗಳ ಬಿಸಿಲು 45 ಡಿಗ್ರಿ ಮುಟ್ಟುವುದು ಹೊಸದಲ್ಲ. ಇಲ್ಲೊಂದು ಸ್ವಾರಸ್ಯವಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತೆಳು. ನಾಗಪುರ ಸುಮಾರು 300 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ದಟ್ಟವಿರಬೇಕಿತ್ತು, ಆದರೆ ಬಿಸಿಲು ಅದನ್ನು ಹಿಗ್ಗಿಸುತ್ತದೆ. ಎರಡೂ ಸೇರಿ ಲೆಕ್ಕ ಹೆಚ್ಚುಕಡಿಮೆ ಸಮಕ್ಕೆ ಬರುತ್ತದೆ. ಅಂದರೆ ಬೆಂಗಳೂರಿನಲ್ಲಿ ಹದ ಮಾಡಿದ ಕಾರ್ಬ್ಯುರೇಟರನ್ನು ಅಲ್ಲಿ ಹೆಚ್ಚು ಮುಟ್ಟಬೇಕಿಲ್ಲ. ಬದಲಾಗುವುದು ಶಾಖ. ಬಿಸಿ ಗಾಳಿ ನುಂಗಿದ ಎಂಜಿನ್ ಬೇಗ ನಾಕಿಂಗ್ ಮಾಡುತ್ತದೆ, ಆದ್ದರಿಂದ ಕಿಡಿ ಹಾರುವ ಟೈಮಿಂಗ್ ಒಂದೆರಡು ಡಿಗ್ರಿ ಹಿಂದಕ್ಕೆ ಹೋಗಬೇಕು. ರೇಡಿಯೇಟರಿಗೆ ಇನ್ನೊಂದು ಸಾಲು ಕೊಳವೆ, ಗಾಳಿ ಪಕ್ಕಕ್ಕೆ ತಪ್ಪಿಸಿಕೊಳ್ಳದಂತೆ ಫ್ಯಾನಿನ ಸುತ್ತ ತಗಡಿನ ಕವಚ, ಒತ್ತಡ ಹಿಡಿಯುವ ಸರಿಯಾದ ಮುಚ್ಚಳ, ನಲ್ಲಿ ನೀರಿನ ಬದಲು ಕೂಲಂಟ್. ಗಾಡಿ ಕಾಯುತ್ತದೆಂದು ಥರ್ಮೋಸ್ಟ್ಯಾಟನ್ನೇ ಕಿತ್ತು ಬಿಸಾಡುವ ಹಳೇ ಚಾಳಿ ನಮ್ಮ ಗ್ಯಾರೇಜುಗಳನ್ನು ಇನ್ನೂ ಬಿಟ್ಟಿಲ್ಲ. ಅದು ಮದ್ದಲ್ಲ. ಮುಂಜಾನೆಯ ಚಳಿಯಲ್ಲಿ ಎಂಜಿನ್ ಹದಕ್ಕೆ ಬರುವುದು ತಡವಾಗಿ ಬೋರು ಸವೆಯುತ್ತದೆ. ನಾಗಪುರದಲ್ಲಿ ಗಾಡಿ ಕೈಕೊಟ್ಟರೂ ಗಾಬರಿಯಾಗಬೇಕಿಲ್ಲ. ಪಕ್ಕದ ಹಿಂಗ್ಣಾದಲ್ಲಿ ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆ ಇರುವ ಊರದು, ಕಬ್ಬಿಣದ ಕೆಲಸ ಬಲ್ಲ ಕೈಗಳಿಗೆ ಬರವಿರಲಾರದು.

ಕಾನೂನಿನ ಮಾತು ಹೇಳದೆ ಮುಗಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಶಿಕ್ಷೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಬೇರೆ ಕಂಪನಿಯ ದೊಡ್ಡ ಎಂಜಿನ್ ತಂದು ತುರುಕಿ ರಸ್ತೆಗಿಳಿಸುವವರು ಇದನ್ನು ಓದಿಕೊಂಡಿರಬೇಕು. ಇರುವ ಇಸುಜು ಎಂಜಿನ್ನನ್ನೇ ಬಿಚ್ಚಿ ಅಳೆದು ಹದಗೊಳಿಸುವ ದಾರಿಯೇ ನನಗೆ ಹೆಚ್ಚು ಇಷ್ಟ, ಮೆಕ್ಯಾನಿಕ್ಕಿನ ಕೈಚಳಕ ಕಾಣುವುದೂ ಅಲ್ಲೇ. 2021ರ ವಿಂಟೇಜ್ ನಿಯಮ 50 ವರ್ಷ ದಾಟಿದ, ಮೈಯನ್ನಾಗಲಿ ಎಂಜಿನ್ನನ್ನಾಗಲಿ ತೀರಾ ಬದಲಿಸದ ಗಾಡಿಗಳಿಗೆ ಬೇರೆಯೇ ನೋಂದಣಿ ಕೊಡುತ್ತದೆ. ಮೊದಲ ಕಾಂಟೆಸಾಗಳಿಗೆ ಆ ವಯಸ್ಸಾಗುವುದು 2034ಕ್ಕೆ. ಅಂಥದೊಂದು ಗಾಡಿ ನಿಮ್ಮ ಮನೆಯ ಶೆಡ್ಡಿನಲ್ಲಿದ್ದರೆ ಕಿತ್ತು ತೆಗೆದ ಮೂಲ ಭಾಗಗಳನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ, ಹೆಸರು ಬರೆದು, ಪೆಟ್ಟಿಗೆಯಲ್ಲಿಡಿ. ಮುಂದೆ ಅದನ್ನು ಬಿಚ್ಚುವ ಮೆಕ್ಯಾನಿಕ್ಕಿಗೆ ಅವೇ ಬೇಕಾಗುತ್ತವೆ.